ಎಂಟು ವ್ಯಂಜನಗಳ ಭಾಷೆ: ಹವಾಯಿ ನುಡಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾಷೆಗಳ ವಿಷಯ ಮಾತಿಗೆ ಬಂದು ನಾನು ಹವಾಯಿ ನುಡಿಯ ಹೆಸರೆತ್ತಿದರೆ ಸಾಕು, ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು ಬರುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಬಂದವನ್ನು ಕೇಳಿದವರ ಧಾಟಿಯಲ್ಲೇ ಇಲ್ಲಿ ಇಟ್ಟಿದ್ದೇನೆ. ಓದುವ ಮೊದಲು ಒಂದು ಸೂಚನೆ: ಈ ಪುಟದಲ್ಲಿ ‘ ಎಂಬ ಗುರುತು ಕಂಡರೆ ಅದು ಉದ್ಧರಣ ಚಿಹ್ನೆಯಲ್ಲ, ಒಕಿನ ಎಂಬ ವ್ಯಂಜನ. ಅದು ಏನೆಂಬುದು ಮುಂದೆ ಬರುತ್ತದೆ.

## ಶುರುವಿಗೆ

ಹವಾಯಿ ಅಂದ್ರೆ ಅಮೆರಿಕ ತಾನೆ? ಅಲ್ಲಿ ಬೇರೆ ಭಾಷೆ ಅಂತ ಇದೆಯಾ?

ಹವಾಯಿ ಅಮೆರಿಕದ ರಾಜ್ಯವಾದದ್ದು 1959ರಲ್ಲಿ. 1893ರವರೆಗೆ ಅದು ತನ್ನದೇ ಅರಸರಿದ್ದ ದೇಶ. ಆ ದೇಶದ ಭಾಷೆಯೇ ಇದು. ಮಲಯೋ-ಪಾಲಿನೇಷ್ಯನ್ ಎಂಬ ದೊಡ್ಡ ಬಳಗಕ್ಕೆ ಸೇರಿದ್ದು. ಈ ಬಳಗ ಪಶ್ಚಿಮದಲ್ಲಿ ಮಡಗಾಸ್ಕರ್‌ನಿಂದ ಪೂರ್ವದಲ್ಲಿ ಈಸ್ಟರ್ ದ್ವೀಪದವರೆಗೆ ಹಬ್ಬಿದೆ. ನ್ಯೂಜಿಲೆಂಡಿನ ಮಾವೊರಿ, ತಹೀತಿಯ ನುಡಿ, ಸಮೋವಾದ ನುಡಿ ಹವಾಯಿಗೆ ಹತ್ತಿರದ ನೆಂಟರು. ಮಲಯ, ತಗಲೊಗ್, ಮಲಗಾಸಿ ದೂರದ ನೆಂಟರು.

ಹೊನೊಲುಲುವಿನ ಬೀದಿಯಲ್ಲಿ ಇವತ್ತು ನಿಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಇಂಗ್ಲಿಷ್, ಇಲ್ಲವೇ ಸ್ಥಳೀಯರು ಪಿಜಿನ್ ಎನ್ನುವ ಇನ್ನೊಂದು ಮಾತು. ಪಿಜಿನ್ ಹುಟ್ಟಿದ್ದು ಕಬ್ಬಿನ ತೋಟಗಳಲ್ಲಿ, ನಾಲ್ಕಾರು ದೇಶದ ಕೂಲಿಗಳು ಒಟ್ಟಿಗೆ ದುಡಿಯುವಾಗ. ಅದನ್ನು ಕೇಳಿ "ಹವಾಯಿ ಭಾಷೆ ಕೇಳಿ ಬಂದೆ, ಇಂಗ್ಲಿಷಿನ ಹಾಗೇ ಇದೆ" ಎನ್ನುವ ಪ್ರವಾಸಿಗರುಂಟು. ಎರಡೂ ಬೇರೆ ಬೇರೆ.

ಎಷ್ಟು ಜನ ಮಾತಾಡ್ತಾರೆ?

2016ರಲ್ಲಿ ಅಲ್ಲಿನ ರಾಜ್ಯ ಸರಕಾರ ಪ್ರಕಟಿಸಿದ ಲೆಕ್ಕದಲ್ಲಿ ಮನೆಯಲ್ಲಿ ಹವಾಯಿ ಮಾತಾಡುತ್ತೇವೆ ಎಂದವರು 18,000ಕ್ಕಿಂತ ಸ್ವಲ್ಪ ಹೆಚ್ಚು. ಇವರಲ್ಲಿ ಬಹುಪಾಲು ಜನ ಶಾಲೆಯಲ್ಲೋ ದೊಡ್ಡವರಾದ ಮೇಲೋ ಕಲಿತವರು. ತಾಯಿಯಿಂದ ಮಗುವಿಗೆ ಎಂಬ ಸರಪಣಿ ತುಂಡಾಗದೆ ಉಳಿದಿರುವುದು ನಿ‘ಇಹೌ ಎಂಬ ಪುಟ್ಟ ದ್ವೀಪದ ಜನರಲ್ಲಿ ಮಾತ್ರ. ಅಲ್ಲಿ ಈಗ ವಾಸವಿರುವವರು ಇನ್ನೂರಕ್ಕೂ ಕಡಿಮೆ.

ಭಾಷೆ ಈ ಸ್ಥಿತಿಗೆ ತಾನಾಗಿ ಬರಲಿಲ್ಲ. ಅರಸೊತ್ತಿಗೆ ಉರುಳಿದ ಮೂರೇ ವರ್ಷಕ್ಕೆ, 1896ರಲ್ಲಿ, ಶಾಲೆಗಳಲ್ಲಿ ಇಂಗ್ಲಿಷೇ ಮಾಧ್ಯಮ ಎಂಬ ಕಾನೂನು ಬಂತು. 1980ರ ದಶಕದ ಆರಂಭಕ್ಕೆ ಹದಿನೆಂಟು ವರ್ಷದೊಳಗಿನ ಮಾತುಗಾರರು ಐವತ್ತು ಮಂದಿಯೂ ಇರಲಿಲ್ಲ. 1978ರಲ್ಲಿ ರಾಜ್ಯದ ಸಂವಿಧಾನ ಹವಾಯಿಯನ್ನು ಇಂಗ್ಲಿಷಿನ ಜೊತೆ ಅಧಿಕೃತ ಭಾಷೆ ಮಾಡಿತು. 1984ರಲ್ಲಿ ಪೂನನ ಲೆಒ ಎಂಬ ಶಿಶುವಿಹಾರಗಳು ಶುರುವಾದವು, 1987ರಲ್ಲಿ ಸರಕಾರಿ ಶಾಲೆಗಳಲ್ಲೂ ಹವಾಯಿ ಮಾಧ್ಯಮ ಬಂತು.

ಬರೀ ಎಂಟು ವ್ಯಂಜನವಾ? ಅಷ್ಟರಲ್ಲಿ ಸಂಸಾರ ಹೇಗೆ ನಡೆಯುತ್ತೆ?

ಹೌದು, ಎಂಟೇ: ಹ, ಕ, ಲ, ಮ, ನ, ಪ, ವ, ಮತ್ತು ಒಕಿನ. ಮಹಾಪ್ರಾಣ ಇಲ್ಲ. ಗ, ಜ, ಡ, ದ, ಬ ಇಲ್ಲ. ತ ಇಲ್ಲ. ಸ, ಶ, ಷ ಮೂರೂ ಇಲ್ಲ. ರ ಇಲ್ಲ. ನಮ್ಮ ವರ್ಗೀಯ ವ್ಯಂಜನಗಳ ಐದು ಸಾಲಿನಲ್ಲಿ ನಾಲ್ಕೇ ಮನೆಗೆ ದೀಪ ಹಚ್ಚಿದ ಹಾಗೆ.

ಆದರೆ ಲೆಕ್ಕ ಹಾಕಿ ನೋಡಿ. ಎಂಟು ವ್ಯಂಜನ, ಜೊತೆಗೆ ವ್ಯಂಜನವಿಲ್ಲದೆ ಬರಿಯ ಸ್ವರದಿಂದ ಶುರುವಾಗುವ ಸಾಧ್ಯತೆ, ಒಟ್ಟು ಒಂಬತ್ತು. ಸ್ವರ ಹತ್ತು. ಅಂದರೆ 90 ಅಕ್ಷರ. ಎರಡಕ್ಷರದ ಪದಕ್ಕೆ 8,100 ಸಾಧ್ಯತೆ, ಮೂರಕ್ಷರಕ್ಕೆ 7,29,000. ಐ, ಔ ತರಹದ ಸಂಯುಕ್ತ ಸ್ವರಗಳನ್ನು ಇನ್ನೂ ಸೇರಿಸಿಲ್ಲ. ಇವೆಲ್ಲ ಬಳಕೆಯಲ್ಲಿಲ್ಲ, ವು ಮತ್ತು ವೊ ಇಲ್ಲವೆನ್ನುವಷ್ಟು ಅಪರೂಪ. ಆದರೂ ಒಂದು ಭಾಷೆಗೆ ಬೇಕಾದ್ದಕ್ಕಿಂತ ಜಾಗ ಧಾರಾಳವಾಗಿಯೇ ಇದೆ. ವ್ಯಂಜನ ಕಡಿಮೆಯಾದಾಗ ಆ ಹೊರೆ ಬೇರೆ ಕಡೆಗೆ ಸರಿಯುತ್ತದೆ: ಸ್ವರದ ಉದ್ದಕ್ಕೆ, ಒಕಿನಕ್ಕೆ, ಪದದ ಉದ್ದಕ್ಕೆ. ಹಾಗಾಗಿ ಆ ಮೂರರಲ್ಲಿ ಒಂದನ್ನು ಕಡೆಗಣಿಸಿದರೂ ಮಾತು ಕೆಡುತ್ತದೆ. ನನ್ನ ಮಟ್ಟಿಗೆ ಈ ಭಾಷೆಯಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಅದೇ. "ಎಂಟೇ ವ್ಯಂಜನ, ಎಷ್ಟು ಸುಲಭ" ಎಂದುಕೊಂಡು ಬಂದವರು ಸೋಲುವುದೂ ಅಲ್ಲೇ.

ಪದಗಳು ಉದ್ದವಾಗುತ್ತವೆಯೇ? ಕೆಲವು ಆಗುತ್ತವೆ. ರಾಜ್ಯದ ಅಧಿಕೃತ ಮೀನಿನ ಹೆಸರು ಹುಮುಹುಮುನುಕುನುಕುಆಪುಅ‘ಅ, ಹನ್ನೆರಡು ಅಕ್ಷರ. ಆದರೆ ದಿನಬಳಕೆಯ ಪದಗಳು ಹೆಚ್ಚಾಗಿ ಎರಡು ಮೂರು ಅಕ್ಷರದವೇ.

ಪ್ರಪಂಚದಲ್ಲೇ ಅತಿ ಚಿಕ್ಕ ವರ್ಣಮಾಲೆ ಇದೇ ಅಂತೆ?

ಅಲ್ಲ. ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪದ ರೊಟೊಕಾಸ್, ಅಮೆಜಾನ್ ಕಾಡಿನ ಪಿರಹಾ, ಎರಡೂ ಇದಕ್ಕಿಂತ ಚಿಕ್ಕವು. ಅವು ಈ ಬಳಗದವೂ ಅಲ್ಲ.

## ಬಾಯಲ್ಲಿ ಹೊರಳುವಾಗ

ಹವಾಯಿ, ಹವಾಇ, ಹವಾಯೀ... ಕನ್ನಡದಲ್ಲಿ ಯಾವುದು ಸರಿ?

ಮೂಲದ ಉಚ್ಚಾರಣೆ ಹವೈ‘ಇ. ಮೊದಲು ಹ, ಆಮೇಲೆ ವೈ, ಗಂಟಲಲ್ಲಿ ಒಂದು ಚಿಕ್ಕ ತಡೆ, ಕೊನೆಗೆ ಇ.

ನಾವು "ಹವಾಯಿ" ಎನ್ನುವುದಕ್ಕೆ ನಮ್ಮ ವ್ಯಾಕರಣದಲ್ಲೇ ಕಾರಣವಿದೆ. ಕನ್ನಡದ ನಾಲಿಗೆಗೆ ಎರಡು ಸ್ವರ ಪಕ್ಕಪಕ್ಕ ಬಂದರೆ ಸಹಿಸದು. ಮನೆ + ಅಲ್ಲಿ ಮನೆಯಲ್ಲಿ ಆಗುತ್ತದೆ, ಗುರು + ಅನ್ನು ಗುರುವನ್ನು ಆಗುತ್ತದೆ. ಶಾಲೆಯಲ್ಲಿ ಇದನ್ನೇ ಯಕಾರಾಗಮ, ವಕಾರಾಗಮ ಎಂದು ಉರು ಹೊಡೆದಿದ್ದೇವೆ. ಅದೇ ಅಭ್ಯಾಸದಲ್ಲಿ ಹವಾಯಿ ಪದ ಕಂಡಾಗಲೂ ನಡುವೆ ಯ ಅಥವಾ ವ ತೂರಿಸಿಬಿಡುತ್ತೇವೆ. ಕೋಳಿ ಎಂಬರ್ಥದ ಮೊಅ ನಮ್ಮ ಬಾಯಲ್ಲಿ ಮೊವ ಆಗುತ್ತದೆ, ದನಿ ಎಂಬರ್ಥದ ಲೆಒ ಲೆಯೊ ಆಗುತ್ತದೆ. ಹವಾಯಿ ಕಲಿಯುವ ಕನ್ನಡಿಗರು ಮೊದಲು ಬಿಡಬೇಕಾದ್ದು ಈ ಆಗಮ ಸಂಧಿಯನ್ನು. ಸ್ವರದ ಪಕ್ಕ ಸ್ವರ ಹಾಗೇ ಕೂತಿರಲಿ.

ಕನ್ನಡ ಬರಹದಲ್ಲಿ ನಾಡಿನ ಹೆಸರನ್ನು ಹವಾಯಿ ಎಂದೇ ಬರೆಯಿರಿ. ಅದು ಈಗ ಕನ್ನಡದ ಪದ.

ಒಕಿನ ಅನ್ನೋದು ನಿಜವಾಗಿ ಅಕ್ಷರವಾ, ಇಲ್ಲಾ ಬರೀ ಅಲಂಕಾರವಾ?

ಅಕ್ಷರವೇ. ಕ, ಮ ಹೇಗೋ ಹಾಗೆ ಪೂರ್ತಿ ವ್ಯಂಜನ. ಗಂಟಲನ್ನು ಒಂದು ಕ್ಷಣ ಮುಚ್ಚಿ ತೆರೆದರೆ ಬರುವ ದನಿ. ಕೆಮ್ಮುವ ಮೊದಲು ಗಂಟಲು ಹಿಡಿದುಕೊಳ್ಳುತ್ತದಲ್ಲ, ಅದೇ ಜಾಗ. ಮಗು ಬೆಂಕಿ ಮುಟ್ಟಲು ಹೋದಾಗ ನಾವು "ಅ‘ಅ" ಎಂದು ಗದರುತ್ತೇವೆ, ಅಲ್ಲಿ ಎರಡು ಅಕಾರದ ನಡುವೆ ಇರುವುದು ಇದೇ. ನಮ್ಮಲ್ಲಿ ಅದಕ್ಕೆ ಅರ್ಥ ಬೇರ್ಪಡಿಸುವ ಕೆಲಸವಿಲ್ಲ, ಹವಾಯಿಯಲ್ಲಿ ಇದೆ.

ಎಷ್ಟರ ಮಟ್ಟಿಗೆ ಎಂದರೆ, ಮೊಅ ಕೋಳಿ, ಮೊ‘ಅ ಬೆಂದದ್ದು. ಕೊಉ ನಿನ್ನದು, ಕೊ‘ಉ ನನ್ನದು. ಇದನ್ನು ಬಿಟ್ಟು ಮಾತಾಡಿದರೆ ಆಸ್ತಿ ಯಾರದೆಂದು ತಿಳಿಯುವುದಿಲ್ಲ. ಲಾನೈ ಮನೆಯ ಜಗಲಿ, ಲಾನ‘ಇ ಒಂದು ದ್ವೀಪ. ಪ್ರವಾಸದ ಜಾಹೀರಾತುಗಳಲ್ಲಿ ಜನ ಜಗಲಿಗೆ ವಿಮಾನದಲ್ಲಿ ಹೋಗುತ್ತಾರೆ, ದ್ವೀಪದ ಮೇಲೆ ಕೂತು ಕಾಫಿ ಕುಡಿಯುತ್ತಾರೆ.

ಎಂಟು ಮುಖ್ಯ ದ್ವೀಪಗಳ ಹೆಸರನ್ನೇ ನೋಡಿ: ಹವೈ‘ಇ, ಒ‘ಅಹು, ಕೌಅ‘ಇ, ಮೊಲೊಕ‘ಇ, ಲಾನ‘ಇ, ನಿ‘ಇಹೌ, ಕಹೊ‘ಒಲವೆ. ಎಂಟರಲ್ಲಿ ಏಳಕ್ಕೆ ಒಕಿನ ಉಂಟು. ಇಲ್ಲದ್ದು ಮೌಇ ಒಂದೇ. (ಮೊಲೊಕ‘ಇಗೆ ಒಕಿನ ಬೇಕೋ ಬೇಡವೋ ಎಂದು ಆ ದ್ವೀಪದವರಲ್ಲೇ ಎರಡು ಮಾತಿದೆ. ಅದರಲ್ಲಿ ತಲೆಹಾಕುವ ಧೈರ್ಯ ನನಗಿಲ್ಲ.)

ಸ್ವರದ ತಲೆ ಮೇಲೆ ಗೆರೆ ಎಳೀತಾರಲ್ಲ, ಅದೇನು?

ಅದು ಕಹಕೋ, ಅಂದರೆ ದೀರ್ಘದ ಗುರುತು. ಬಳೆಗೂ ಬಾಳೆಗೂ ಇರುವ ವ್ಯತ್ಯಾಸ ಗೊತ್ತಿರುವ ನಮಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಇಂಗ್ಲಿಷ್ ಮಾತೃಭಾಷೆಯವರು ಇಲ್ಲೇ ತಿಣುಕುತ್ತಾರೆ.

ಒಂದು ಸೊಗಸಾದ ಕಾಕತಾಳೀಯ ಇದೆ. ಹವಾಯಿಯ ಸ್ವರಗಳು ಐದು, ಪ್ರತಿಯೊಂದಕ್ಕೂ ಹ್ರಸ್ವ ದೀರ್ಘ ಎರಡೂ: ಅ ಆ, ಇ ಈ, ಉ ಊ, ಎ ಏ, ಒ ಓ. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ, ದೇವನಾಗರಿಯಲ್ಲಿ ಇದನ್ನು ಬರೆಯಲು ಹೊಸ ಗುರುತು ಬೇಕು. ಕನ್ನಡ ಲಿಪಿಗೆ ಮಾತ್ರ ಏನೂ ಬೇಡ, ಹತ್ತಕ್ಕೆ ಹತ್ತೂ ತಯಾರಾಗಿಯೇ ಇವೆ. ರೋಮನ್ ಲಿಪಿಯ ಐದು ಸ್ವರಾಕ್ಷರ ಹಿಡಿದುಕೊಂಡು ಹತ್ತೊಂಬತ್ತನೇ ಶತಮಾನದ ಮುದ್ರಕರು ಬರೆದದ್ದಕ್ಕಿಂತ, ಸ್ವರಗಳ ಮಟ್ಟಿಗೆ, ನಾವು ನಮ್ಮ ಲಿಪಿಯಲ್ಲಿ ಬರೆದದ್ದೇ ನಿಖರ.

ಒಕಿನ, ಕಹಕೋ ಎರಡೂ ಸೇರಿದಾಗ ಆಟ ಇನ್ನೂ ಚೆಂದ. ಪೌ ಎಂದರೆ ಮುಗಿಯಿತು. ಪ‘ಉ ಮಸಿ. ಪ‘ಊ ತೇವ. ಪಾ‘ಊ ಲಂಗ. ಗುರುತು ಹಾಕದೆ ರೋಮನ್‌ನಲ್ಲಿ ಬರೆದರೆ ನಾಲ್ಕೂ ಅದೇ ಮೂರು ಅಕ್ಷರ.

ಡಬ್ಲ್ಯೂ ಇರೋ ಕಡೆ ಕೆಲವರು ವಿ ಅಂತಾರೆ, ಕೆಲವರು ಡಬ್ಲ್ಯೂ ಅಂತಲೇ ಅಂತಾರೆ. ಯಾಕೆ?

ಎರಡೂ ಒಂದೇ ವ್ಯಂಜನದ ಎರಡು ಮುಖ. ಇ, ಎ ಆದ ಮೇಲೆ ತುಟಿ ಹಲ್ಲಿಗೆ ತಾಗುವ ವ, ಉ, ಒ ಆದ ಮೇಲೆ ತುಟಿ ದುಂಡಾಗುವ ವ, ಉಳಿದ ಕಡೆ ಊರಿಗೊಂದು ರೂಢಿ. ಕನ್ನಡದ ವ ಕೂಡ ಇವೆರಡರ ನಡುವೆ ಓಡಾಡಿಕೊಂಡೇ ಇರುವುದರಿಂದ ನಮಗೆ ಇದು ತಲೆನೋವೇ ಅಲ್ಲ.

ವಿಕಿಪೀಡಿಯದ "ವಿಕಿ" ಬಂದದ್ದು ಇಲ್ಲಿಂದಲೇ. ಹೊನೊಲುಲು ವಿಮಾನ ನಿಲ್ದಾಣದ ವಿಕಿವಿಕಿ ಬಸ್ಸಿನ ಹೆಸರನ್ನು ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ತಮ್ಮ ಜಾಲತಾಣಕ್ಕೆ ಇಟ್ಟರು. ಆ ಪದದ ಎರಡನೆಯ ವಿ ಮೇಲೆ ಹೇಳಿದ ನಿಯಮದಂತೆ ನಮ್ಮ ವಿಯೇ.

ಅಲೋಹ ಅನ್ನಬೇಕಾ ಅಲೊಹ ಅನ್ನಬೇಕಾ?

ಬರಹದಲ್ಲಿ ಹ್ರಸ್ವ, ಅಲೊಹ. ಆದರೆ ಹವಾಯಿಯಲ್ಲಿ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಸಾಮಾನ್ಯವಾಗಿ ಒತ್ತು ಬೀಳುತ್ತದೆ, ದೀರ್ಘ ಸ್ವರ ಎಲ್ಲಿದ್ದರೂ ಅದಕ್ಕೊಂದು ಒತ್ತು. ಒತ್ತು ಬಿದ್ದ ಲೊ ನಮ್ಮ ಕಿವಿಗೆ ಲೋ ಎಂದು ಕೇಳುತ್ತದೆ. ನಮ್ಮ ಪತ್ರಿಕೆಗಳಲ್ಲಿ ಅಲೋಹ ಎಂದು ಬರೆಯುವುದು ಹೀಗೆ ಕಿವಿ ನಂಬಿಕೊಂಡು.

ಒತ್ತಕ್ಷರ ಇಲ್ಲವೇ ಇಲ್ಲವಾ? ಕ್ರಿಸ್‌ಮಸ್ ಹೋಗಿ ಕಲಿಕಿಮಕ ಆಗಿದ್ದು ಹೇಗೆ?

ಒತ್ತಕ್ಷರವೂ ಇಲ್ಲ, ವ್ಯಂಜನದಲ್ಲಿ ಮುಗಿಯುವ ಪದವೂ ಇಲ್ಲ. ಹೊರಗಿನ ಪದ ಒಳಗೆ ಬರಬೇಕಾದರೆ ಈ ಎರಡು ಬಾಗಿಲು ದಾಟಬೇಕು, ಜೊತೆಗೆ ಇಲ್ಲದ ವ್ಯಂಜನಕ್ಕೆ ಬದಲಿ ಹುಡುಕಬೇಕು. ಬದಲಿಯ ಪಟ್ಟಿ ಹೆಚ್ಚು ಕಡಿಮೆ ಹೀಗಿದೆ: ಬ, ಫ ಬಂದರೆ ಪ. ರ ಬಂದರೆ ಲ. ತ, ದ, ಟ, ಡ, ಗ, ಜ, ಚ, ಸ, ಶ ಎಲ್ಲಕ್ಕೂ ಕ.

ಈಗ ಕ್ರಿಸ್‌ಮಸ್ ಹಿಡಿದು ನಡೆಸಿ. ಕ್ರಿ ಒಡೆದು ಕ-ರಿ, ರ ಹೋಗಿ ಲ, ಕಲಿ ಆಯಿತು. ಸ್ ಹೋಗಿ ಕ್, ಅದಕ್ಕೊಂದು ಆಸರೆಯ ಸ್ವರ, ಕಿ. ಮ ಹಾಗೇ. ಕೊನೆಯ ಸ್ ಮತ್ತೆ ಕ್, ಅದಕ್ಕೊಂದು ಅ. ಕಲಿಕಿಮಕ. ರಾಬರ್ಟ್ ಲೊಪಕ ಆದದ್ದೂ, ಡೇವಿಡ್ ಕಾವಿಕ ಆದದ್ದೂ, ಡಾಲರ್ ಕಾಲಾ ಆದದ್ದೂ ಹೀಗೇ. ಗಿಟಾರ್ ಕೀಕಾ, ಸ್ಟೀಲ್ ಕಿಲ. ಸ್ಟೀಲ್ ಗಿಟಾರ್ ಹುಟ್ಟಿದ್ದೇ ಅಲ್ಲಿ, ನಾವು ಹವಾಯನ್ ಗಿಟಾರ್ ಎಂದು ಕರೆಯುವ ವಾದ್ಯ. ಅದಕ್ಕೆ ಅವರ ಹೆಸರು ಕೀಕಾ ಕಿಲ.

ನಗುವ ಮೊದಲು ನಮ್ಮ ಹಳ್ಳಿಯ ಬಾಯಿಯನ್ನು ನೆನೆಸಿಕೊಳ್ಳಿ. ಭಕ್ತಿ ಬಕುತಿ, ರತ್ನ ರತುನ, ಶ್ರೀ ಸಿರಿ. ಸ್ಕೂಲನ್ನು ನಾವು ಮುಂದೆ ಇ ಸೇರಿಸಿ ಇಸ್ಕೂಲು ಮಾಡಿಕೊಂಡೆವು, ಅವರು ಸ್ ಕಿತ್ತೆಸೆದು ಕುಲ ಮಾಡಿಕೊಂಡರು.

ನನ್ನ ಹೆಸರನ್ನ ಹವಾಯಿಗೆ ಹಾಕಿಕೊಡ್ತೀರಾ?

ಇದನ್ನು ಕೇಳದವರೇ ಇಲ್ಲ. ಮೇಲಿನ ಪಟ್ಟಿ ಹಿಡಿದು ನೀವೇ ಹಾಕಿಕೊಳ್ಳಬಹುದು. ಬಸವ ಪಕವ ಆಗುತ್ತಾನೆ. ರಮೇಶ ಲಮೇಕ. ಕಮಲಾ, ನಳಿನಿ ತರಹದ ಹೆಸರಿನವರು ಅದೃಷ್ಟವಂತರು, ಒಂದು ಳ ಬಿಟ್ಟರೆ ಏನೂ ಹೋಗುವುದಿಲ್ಲ. ಗೀತಾ, ಸೀತಾ ಅಕ್ಕತಂಗಿಯರಾದರೆ ಮಾತ್ರ ಕಷ್ಟ, ಇಬ್ಬರೂ ಕೀಕಾ. ಹೊರಗಿನ ಪದಗಳನ್ನು ಹೀಗೆ ಮಿತಿಮೀರಿ ತುರುಕಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಮಾದರಿ. ಅದಕ್ಕೇ ಹೊಸ ವಸ್ತುಗಳಿಗೆ ಎಷ್ಟೋ ಕಡೆ ಅವರು ಒಳಗಿನ ಪದಗಳನ್ನೇ ಜೋಡಿಸುತ್ತಾರೆ: ಕಂಪ್ಯೂಟರ್ ಲೊಲೊ ಉಇಲ, ಮಿದುಳು ಮತ್ತು ವಿದ್ಯುತ್ತು.

## ಕಾಗದದ ಮೇಲೆ

ಮಿಷನರಿಗಳು ಮತ ಹಾಕಿ ಅಕ್ಷರಗಳನ್ನ ತೆಗೆದುಹಾಕಿದ್ರಂತೆ, ನಿಜಾನಾ?

ನಿಜ. ನ್ಯೂ ಇಂಗ್ಲೆಂಡಿನ ಮಿಷನರಿಗಳು ಬಂದದ್ದು 1820ರಲ್ಲಿ. 1822ರ ಜನವರಿ 7ರಂದು ಹೊನೊಲುಲುವಿನಲ್ಲಿ ಮೊದಲ ಹಾಳೆ ಅಚ್ಚಾಯಿತು. ಆದರೆ ಯಾವ ದನಿಗೆ ಯಾವ ಅಕ್ಷರ ಎಂಬ ಗೊಂದಲ ಮುಗಿದಿರಲಿಲ್ಲ. ಒಬ್ಬರ ಕಿವಿಗೆ ಲ ಕೇಳಿಸಿದ್ದು ಇನ್ನೊಬ್ಬರಿಗೆ ರ, ಮತ್ತೊಬ್ಬರಿಗೆ ದ. ಕಮೆಹಮೆಹ ಅರಸನ ಹೆಸರು ಹಳೆಯ ದಾಖಲೆಗಳಲ್ಲಿ ತಮೆಹಮೆಹ ಎಂದೂ, ಹೊನೊಲುಲು ಹೊನೊರುರು ಎಂದೂ ಇದೆ. 1778ರಲ್ಲಿ ಬಂದ ಕ್ಯಾಪ್ಟನ್ ಕುಕ್‌ನ ತಂಡ ಕೌಅ‘ಇಯನ್ನು "ಅಟೂಇ" ಎಂದು ಬರೆದುಕೊಂಡಿತು.

ಇವರೆಲ್ಲ ತಪ್ಪು ಕೇಳಿಸಿಕೊಂಡವರಲ್ಲ. ಹವಾಯಿಗರು ನಿಜಕ್ಕೂ ಹಾಗೂ ಅನ್ನುತ್ತಿದ್ದರು, ಹೀಗೂ ಅನ್ನುತ್ತಿದ್ದರು. ಕ ಎಂದರೂ ತ ಎಂದರೂ ಅರ್ಥ ಬದಲಾಗುತ್ತಿರಲಿಲ್ಲ, ಲ ಮತ್ತು ರ ಕೂಡ ಹಾಗೆಯೇ. 1826ರಲ್ಲಿ ಮಿಷನರಿಗಳು ಜೋಡಿ ಜೋಡಿಯಾಗಿ ಮತಕ್ಕೆ ಹಾಕಿ ಕ, ಲ, ಪ, ವ ಉಳಿಸಿಕೊಂಡು ತ, ರ, ದ, ಬ ಮುಂತಾದವನ್ನು ಕೈಬಿಟ್ಟರು. ಬೈಬಲಿನ ಹೆಸರುಗಳಿಗೆ ಮಾತ್ರ ವಿನಾಯಿತಿ ಇತ್ತು, ಕ್ರಿಸ್ತನ ಹೆಸರು ಅಲ್ಲಿ ಕ್ರಿಸ್ಟೊ ಎಂದೇ ಉಳಿಯಿತು.

ಭಾಷಾಶಾಸ್ತ್ರದಲ್ಲಿ ಧ್ವನಿಮಾ (ಅರ್ಥ ಬೇರ್ಪಡಿಸುವ ದನಿ) ಎಂಬ ಕಲ್ಪನೆ ಬೇರೂರುವುದಕ್ಕೆ ಎಷ್ಟೋ ಮೊದಲೇ, ಅರ್ಥ ಬದಲಿಸದ ವ್ಯತ್ಯಾಸಕ್ಕೆ ಎರಡು ಅಕ್ಷರ ಬೇಡ ಎಂದು ಇವರು ಕಂಡುಕೊಂಡಿದ್ದರು. ಅದಕ್ಕೆ ಅವರನ್ನು ಮೆಚ್ಚಬೇಕು. ಆದರೆ ಅರ್ಥ ಬದಲಿಸುವ ಎರಡು ವ್ಯತ್ಯಾಸಗಳನ್ನು, ಒಕಿನವನ್ನೂ ದೀರ್ಘವನ್ನೂ, ಬರೆಯದೆಯೇ ಬಿಟ್ಟರು. ಕೊಉ, ಕೊ‘ಉ ತರಹ ತೀರಾ ಗೋಜಲಾಗುವ ಕಡೆ ಒಂದು ಅಪಾಸ್ಟ್ರಫಿ ಹಾಕಿದ್ದು ಬಿಟ್ಟರೆ ಇಲ್ಲ. ಬೇಡದ್ದನ್ನು ಇಷ್ಟು ಜಾಣತನದಿಂದ ತೆಗೆದವರು ಬೇಕಾದ್ದನ್ನು ಕಾಣದೆ ಹೋದರು, ಏಕೆಂದರೆ ಅವರ ತಾಯ್ನುಡಿಯಲ್ಲಿ ಆ ಎರಡಕ್ಕೂ ಅಕ್ಷರವಿರಲಿಲ್ಲ. ಗುರುತುಗಳನ್ನು ತಪ್ಪದೆ ಹಾಕುವ ಪದ್ಧತಿ ನೆಲೆಯೂರಿದ್ದು 1957ರಲ್ಲಿ ಮೇರಿ ಕವೇನ ಪುಕುಇ ಮತ್ತು ಸ್ಯಾಮ್ಯುಯೆಲ್ ಎಲ್ಬರ್ಟ್ ಅವರ ನಿಘಂಟು ಬಂದ ಮೇಲೆ.

ಅವರ ವರ್ಣಮಾಲೆಯೂ ನಮ್ಮ ಹಾಗೆ ಸ್ವರದಿಂದ ಶುರುವಾಗುತ್ತಾ?

ಹೌದು. ಎ, ಬಿ, ಸಿ ಕ್ರಮವಲ್ಲ. ಮೊದಲು ಐದು ಸ್ವರ, ಆಮೇಲೆ ವ್ಯಂಜನ, ಕಟ್ಟಕಡೆಗೆ ಒಕಿನ. ಇದಕ್ಕೆ ಪೀ‘ಆಪಾ ಎನ್ನುತ್ತಾರೆ. ಮಿಷನರಿ ಶಾಲೆಗಳಲ್ಲಿ "ಬಿ, ಎ, ಬಾ" ಎಂದು ಕೂಡಿಸಿ ಹೇಳಿಸುತ್ತಿದ್ದುದು ಹವಾಯಿ ಬಾಯಲ್ಲಿ ಪೀ, ‘ಆ, ಪಾ ಆಯಿತು, ನಮ್ಮ ಕಾಗುಣಿತದ ರಾಗದ ಹಾಗೇ.

ಒಕಿನ ಟೈಪ್ ಮಾಡೋದು ಹೇಗೆ?

ಮೊಬೈಲಿನಲ್ಲಿ ಹವಾಯಿ ಕೀಬೋರ್ಡ್ ಸೇರಿಸಿಕೊಳ್ಳಿ. ನೋಡಲು ತಲೆಕೆಳಗಾದ ಅಪಾಸ್ಟ್ರಫಿಯಂತಿದ್ದರೂ ಯೂನಿಕೋಡಿನಲ್ಲಿ ಅದಕ್ಕೆ ಪ್ರತ್ಯೇಕ ಸಂಕೇತವಿದೆ. ಸಾಧಾರಣ ಉದ್ಧರಣ ಚಿಹ್ನೆ ಹಾಕಿದರೆ ಕಂಪ್ಯೂಟರ್ ಪದವನ್ನು ಅಲ್ಲೇ ಎರಡು ತುಂಡು ಮಾಡುವುದುಂಟು.

ಭೂಗರ್ಭಶಾಸ್ತ್ರದ ಪಾಠದಲ್ಲಿ "ಆ ಆ ಲಾವಾ" ಅಂತ ಓದಿದ್ದೆ. ಅದೂ ಇದೇ ಭಾಷೆಯಾ?

ಇದೇ. ಒರಟಾಗಿ, ಚೂಪು ಚೂಪಾಗಿ ಗಟ್ಟಿಯಾಗುವ ಲಾವಾ ‘ಅ‘ಆ. ನುಣ್ಣಗೆ, ಹಗ್ಗ ಸುತ್ತಿದಂತೆ ಹರಿಯುವುದು ಪಾಹೊಎಹೊಎ. ಹತ್ತೊಂಬತ್ತನೇ ಶತಮಾನದ ಕೊನೆಗೆ ಇವು ಭೂವಿಜ್ಞಾನದ ಪದಕೋಶ ಸೇರಿದವು. ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಕಲ್ಲು ದಖ್ಖನ್ ಟ್ರ್ಯಾಪ್ ಎಂಬ ಹಳೆಯ ಲಾವಾ ಹಾಸಿನದು. ಆ ಹಾಸಿನ ಪದರಗಳನ್ನು ವಿಂಗಡಿಸುವಾಗ ನಮ್ಮ ಭೂವಿಜ್ಞಾನಿಗಳು ಬಳಸುವುದೂ ಇವೇ ಎರಡು ಪದ. ಉಚ್ಚಾರಣೆ ಗಮನಿಸಿ: ಎರಡು ಒಕಿನ, ಕೊನೆಯ ಆ ದೀರ್ಘ. ಅ‘ಅ ಎಂದರೆ ಬೇರು, ‘ಅ‘ಅ ಎಂದರೆ ಎದೆಗಾರಿಕೆ ತೋರು. ಇಂಗ್ಲಿಷ್ ಪಠ್ಯದಲ್ಲಿ ಎರಡು ಎ ಬರೆದು ಮುಗಿಸುತ್ತಾರೆ.

## ಇನ್ನಷ್ಟು ಒಳಗೆ

ಹವಾಯಿಯ "ಮನ" (ಅಲೌಕಿಕ ಶಕ್ತಿ) ಮತ್ತು ಸಂಸ್ಕೃತದ ಮನಸ್ಸು ಒಂದೇ ಮೂಲದವಾ?

ಅಲ್ಲ. ಮಲಯ ಭಾಷೆಯಲ್ಲಿ ಸಂಸ್ಕೃತ ಪದಗಳು ರಾಶಿ ಬಿದ್ದಿರುವುದರಿಂದ ಈ ಅನುಮಾನ ಸಹಜ. ಆದರೆ ಪಾಲಿನೇಷ್ಯನ್ನರ ಪೂರ್ವಜರು ಸುಮಾರು 3,000 ವರ್ಷಗಳ ಹಿಂದೆಯೇ ಪೆಸಿಫಿಕ್ ಸಾಗರದೊಳಕ್ಕೆ ಹೊರಟುಹೋಗಿದ್ದರು. ಆಗ್ನೇಯ ಏಷ್ಯಾಕ್ಕೆ ಸಂಸ್ಕೃತ ಕಾಲಿಟ್ಟದ್ದು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ. ಇವರು ಬಿಟ್ಟುಹೋದ ಮನೆಗೆ ಅದು ಬಂತು. ಒಂದು ಭಾಷೆಗೆ ಐವತ್ತು ವ್ಯಂಜನ ಇದ್ದರೂ ಆಕಸ್ಮಿಕ ಹೋಲಿಕೆ ತಪ್ಪದು, ಎಂಟೇ ಇರುವಾಗ ಕೇಳುವುದೇ ಬೇಡ. ಕಡಲಿಗೆ ಹವಾಯಿಯಲ್ಲಿ ಕೈ ಎನ್ನುತ್ತಾರೆ. ಅದರಿಂದ ಏನೂ ಸಾಬೀತಾಗುವುದಿಲ್ಲ.

ಹಳಗನ್ನಡದ ಪ ಹೊಸಗನ್ನಡದಲ್ಲಿ ಹ ಆಯ್ತಲ್ಲ, ಆ ತರಹದ್ದು ಅಲ್ಲೂ ಆಗಿದೆಯಂತೆ?

ಅದೇ ಆಗಿದೆ, ಮತ್ತು ಈ ಪುಟದಲ್ಲಿ ನನಗೆ ಅತಿ ಇಷ್ಟದ ಪ್ರಶ್ನೆ ಇದು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು. ಈಗ ಏಳು ಎಂಬ ಸಂಖ್ಯೆ ನೋಡಿ. ಜಾವಾದಲ್ಲಿ ಪಿತು, ತಗಲೊಗ್‌ನಲ್ಲಿ ಪಿತೊ, ಮಡಗಾಸ್ಕರ್‌ನಲ್ಲಿ ಫಿತೊ, ಸಮೋವಾದಲ್ಲಿ ಫಿತು, ಹವಾಯಿಯಲ್ಲಿ ಹಿಕು. ಬೆಂಕಿ ಮಲಯದಲ್ಲಿ ಆಪಿ, ಸಮೋವಾದಲ್ಲಿ ಅಫಿ, ಹವಾಯಿಯಲ್ಲಿ ಅಹಿ. ನಮ್ಮಲ್ಲಿ ನಡುವಿನ ಮೆಟ್ಟಿಲು ಶಾಸನಗಳಲ್ಲಿ ಕಾಣುವುದಿಲ್ಲ, ಪ ನೇರ ಹ ಆದಂತೆಯೇ ಬರೆದಿದೆ. ಅಲ್ಲಿ ನಡುವಿನ ಫ ಇವತ್ತಿಗೂ ಸಮೋವಾದವರ ಬಾಯಲ್ಲಿ ಜೀವಂತ ಇದೆ.

ಪದದ ಕೊನೆಯ ವ್ಯಂಜನದ ಗತಿಯಲ್ಲೂ ಹೋಲಿಕೆಯಿದೆ, ದಾರಿ ಮಾತ್ರ ಬೇರೆ. ಪಾಲ್, ಕಣ್ ಎಂದು ವ್ಯಂಜನದಲ್ಲಿ ಮುಗಿಯುತ್ತಿದ್ದುದಕ್ಕೆ ನಾವು ಉ ಸೇರಿಸಿ ಹಾಲು, ಕಣ್ಣು ಮಾಡಿಕೊಂಡೆವು. ಅವರು ಕೊನೆಯ ವ್ಯಂಜನವನ್ನೇ ಉದುರಿಸಿದರು. ಆಕಾಶಕ್ಕೆ ಮಲಯದಲ್ಲಿ ಲಙಿತ್, ಸಮೋವಾದಲ್ಲಿ ಲಙಿ, ಹವಾಯಿಯಲ್ಲಿ ಲನಿ. (ಕಾಗುಣಿತದ ಪುಸ್ತಕದ ಹೊರಗೆ ನಮ್ಮ ಙಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.)

ಅಕ್ಕಪಕ್ಕದ ಭಾಷೆಗಳಲ್ಲೆಲ್ಲ ತ ಇದೆ, ಹವಾಯಿಯಲ್ಲಿ ಮಾತ್ರ ಅದು ಎಲ್ಲಿ ಹೋಯ್ತು?

ಕ ಆಗಿದೆ. ಕಣ್ಣು ಮಲಯದಲ್ಲಿ, ಮಾವೊರಿಯಲ್ಲಿ, ಸಮೋವಾದಲ್ಲಿ ಮತ, ಹವಾಯಿಯಲ್ಲಿ ಮಕ. ಮನುಷ್ಯ ಮಾವೊರಿಯಲ್ಲಿ ತಙತ, ಹವಾಯಿಯಲ್ಲಿ ಕನಕ. ಹಾಗಾದರೆ ಮೊದಲಿದ್ದ ಕ ಏನಾಯಿತು? ಅದು ಅದಕ್ಕೂ ಮುಂಚೆ ಒಕಿನ ಆಗಿತ್ತು. ಮೀನು ಮಲಯದಲ್ಲಿ ಇಕನ್, ಮಾವೊರಿಯಲ್ಲಿ ಇಕ, ಸಮೋವಾ ಮತ್ತು ಹವಾಯಿಯಲ್ಲಿ ಇ‘ಅ.

"ಅದಕ್ಕೂ ಮುಂಚೆ" ಎಂದು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದರೆ ಒಂದು ಹೇನು ಸಾಕ್ಷಿ ನುಡಿಯುತ್ತದೆ. ಹೇನಿಗೆ ಮಲಯದಲ್ಲೂ ಮಾವೊರಿಯಲ್ಲೂ ಕುತು. ಅದರಲ್ಲಿ ಕ, ತ ಎರಡೂ ಇವೆ. ಮೊದಲು ಕ ಒಕಿನ ಆಯಿತು: ‘ಉತು, ಸಮೋವಾದಲ್ಲಿ ಇವತ್ತಿಗೂ ಇದೇ ರೂಪ. ಆಮೇಲೆ ತ ಖಾಲಿಯಾದ ಕ ಜಾಗಕ್ಕೆ ಸರಿಯಿತು: ‘ಉಕು. ಒಂದು ವೇಳೆ ಕ್ರಮ ತಿರುಗುಮುರುಗಾಗಿದ್ದರೆ ಕುತು ಮೊದಲು ಕುಕು ಆಗಿ, ಆಮೇಲೆ ಎರಡೂ ಕ ಹೋಗಿ ‘ಉ‘ಉ ಆಗಬೇಕಿತ್ತು. ಹಾಗಾಗಿಲ್ಲ. ಈ ‘ಉಕು ನಿಮಗೆ ಪರಿಚಯದ್ದೇ. ಅದರ ಮುಂದೆ ಜಿಗಿಯುವುದು ಎಂಬರ್ಥದ ಲೆಲೆ ಸೇರಿಸಿದರೆ ಚಿಗಟ, ಅದೇ ಹೆಸರು ಆ ಪುಟ್ಟ ನಾಲ್ಕು ತಂತಿಯ ವಾದ್ಯಕ್ಕೆ: ‘ಉಕುಲೆಲೆ. ಇಂಗ್ಲಿಷಿನವರ ಯೂಕಲೇಲಿ ಬಿಡಿ.

ಒಕಿನ ವ್ಯಂಜನವೇ ಅನ್ನೋದಕ್ಕೆ ಉಚ್ಚಾರಣೆ ಬಿಟ್ಟು ಬೇರೆ ಪುರಾವೆ ಇದೆಯಾ?

ಇದೆ, ವ್ಯಾಕರಣದಲ್ಲೇ. ನಾಮಪದದ ಮುಂದೆ ಬರುವ ನಿರ್ದೇಶಕ ಪದಕ್ಕೆ ಎರಡು ರೂಪ: ಕ ಮತ್ತು ಕೆ. ಮುಂದಿನ ಪದ ಅ, ಎ, ಒ ಸ್ವರದಿಂದಲೋ ಕ ವ್ಯಂಜನದಿಂದಲೋ ಶುರುವಾದರೆ ಕೆ, ಉಳಿದ ಕಡೆ ಕ. ದಾರಿ ಎಂಬರ್ಥದ ಅಲ ಸ್ವರದಿಂದ ಶುರು, ಆದ್ದರಿಂದ ಕೆ ಅಲ. ನೆಲ ಎಂಬರ್ಥದ ‘ಆಇನ ಇಂಗ್ಲಿಷ್ ಕಣ್ಣಿಗೆ ಸ್ವರದಿಂದ ಶುರುವಾದಂತೆ ಕಂಡರೂ ಕ ‘ಆಇನ. ಭಾಷೆಗೆ ಅಲ್ಲೊಂದು ವ್ಯಂಜನ ಇದೆ ಎಂದು ಗೊತ್ತು. ಅಪವಾದಗಳುಂಟು, ಮೇಜಿಗೆ ಪ ಇದ್ದರೂ ಕೆ ಪಾಕೌಕೌ ಎನ್ನುತ್ತಾರೆ. ಅಂಥವನ್ನು ಬಾಯಿಪಾಠ ಮಾಡುವುದೇ ದಾರಿ.

ನಿ‘ಇಹೌ ಜನ ಈಗಲೂ ತ ಅಂತಾರಂತೆ. ಹಾಗಾದ್ರೆ ಶಾಲೇಲಿ ಕಲಿಸೋದು ತಪ್ಪಾ?

ತಪ್ಪಲ್ಲ. ನಿ‘ಇಹೌ ಮಾತಿನಲ್ಲಿ ತ, ಕ ಎರಡೂ ಓಡಾಡುತ್ತವೆ. 1826ರ ಅಕ್ಷರಪಟ್ಟಿ ಕ ಒಂದನ್ನೇ ಆರಿಸಿತು, ಶಾಲೆಯ ಭಾಷೆ ಆ ಪಟ್ಟಿಯ ಮೇಲೆ ನಿಂತಿದೆ. ಆ ದ್ವೀಪ 1864ರಲ್ಲಿ ಒಂದು ಕುಟುಂಬಕ್ಕೆ ಮಾರಾಟವಾಗಿ ಇಂದಿಗೂ ಅದೇ ವಂಶದ ಕೈಯಲ್ಲಿದೆ. ಹೊರಗಿನವರ ಓಡಾಟ ಕಡಿಮೆ, ಭಾಷೆ ಉಳಿಯಲು ಅದೂ ಒಂದು ಕಾರಣ. ಶಾಲೆಯಲ್ಲಿ ಕಲಿತ ಮಕ್ಕಳ ಸ್ವರಗಳಲ್ಲಿ ಇಂಗ್ಲಿಷಿನ ಛಾಯೆ ಇದೆ, ಮಾತಿನ ವೇಗದಲ್ಲಿ ಸ್ವರಗಳು ಒಂದರೊಳಗೊಂದು ಕರಗುವ ರೀತಿ ಅವರಿಗೆ ಬಾರದು ಎಂಬ ಆಕ್ಷೇಪ ಹಿರಿಯರದು. ನಿಜವಿರಬಹುದು. ಆದರೆ ಐವತ್ತು ಮಕ್ಕಳೂ ಇಲ್ಲದ ಸ್ಥಿತಿಯಿಂದ ಎದ್ದು ಬಂದ ಭಾಷೆಯಲ್ಲಿ ಎರಡು ಧಾಟಿ ಇರುವುದನ್ನು ನಾನು ರೋಗವೆಂದು ಎಣಿಸುವುದಿಲ್ಲ.

ಹಳೇ ಪತ್ರಿಕೆಗಳಲ್ಲಿ ಗುರುತೇ ಇಲ್ಲವಲ್ಲ, ಈಗಿನವರು ಅದನ್ನ ಹೇಗೆ ಓದ್ತಾರೆ?

ಕಷ್ಟಪಟ್ಟು. 1834ರಲ್ಲಿ ಮೌಇ ದ್ವೀಪದ ಲಹೈನಾಲುನ ಶಾಲೆಯಿಂದ ಮೊದಲ ಪತ್ರಿಕೆ ಹೊರಟಿತು. 1948ರವರೆಗೆ ನೂರರಷ್ಟು ಹವಾಯಿ ಪತ್ರಿಕೆಗಳು ಬಂದುಹೋದವು, ಲಕ್ಷಕ್ಕೂ ಮೀರಿದ ಪುಟಗಳು. ಪುರಾಣ, ವಂಶಾವಳಿ, ರಾಜಕೀಯ ಜಗಳ, ಸತ್ತವರಿಗೆ ಬರೆದ ಶೋಕಗೀತೆ, ಎಲ್ಲ ಅದರಲ್ಲಿದೆ. 2011ರ ಕೊನೆಯಲ್ಲಿ ಸಾವಿರಾರು ಸ್ವಯಂಸೇವಕರನ್ನು ಸೇರಿಸಿ ಅವನ್ನು ಟೈಪ್ ಮಾಡಿಸುವ ಕೆಲಸ ಶುರುವಾಯಿತು, ಹಾಗಾಗಿ ಬಹಳಷ್ಟನ್ನು ಈಗ ಹುಡುಕಿ ಓದಬಹುದು.

ಬರೆದವರಿಗೆ ಭಾಷೆ ಬಾಯಲ್ಲಿತ್ತು, ಗುರುತು ಬೇಕಿರಲಿಲ್ಲ. ಇವತ್ತಿನ ಓದುಗರಿಗೆ ವಾಕ್ಯದ ಸಂದರ್ಭವೇ ಗತಿ. "ಮೊಅ" ಮುದ್ರಿತವಾಗಿದ್ದರೆ ಅಂಗಳದಲ್ಲಿ ಓಡುತ್ತಿದೆಯೋ ಪಾತ್ರೆಯಲ್ಲಿ ಬೆಂದಿದೆಯೋ ಎಂದು ಅಕ್ಕಪಕ್ಕದ ಪದ ನೋಡಿ ತೀರ್ಮಾನಿಸಬೇಕು. ಗದ್ಯದಲ್ಲಿ ಇದು ಹೇಗೋ ಸಾಗುತ್ತದೆ. ಪದ್ಯದಲ್ಲಿ ಸಾಗದು. ಹವಾಯಿ ಕವಿಗಳಿಗೆ ಒಳಾರ್ಥ ಬಚ್ಚಿಡುವುದು ಬಹಳ ಪ್ರೀತಿ, ಎರಡು ಅರ್ಥವೂ ಬೇಕೆಂದೇ ಬರೆದ ಕಡೆ ಗುರುತು ಹಾಕಿದರೆ ಒಂದು ಸಾಯುತ್ತದೆ. ಅದಕ್ಕೇ ಹಳೆಯ ಪಠ್ಯಗಳ ಕೆಲವು ಮರುಮುದ್ರಣಗಳಲ್ಲಿ ಸಂಪಾದಕರು ಬೇಕೆಂದೇ ಗುರುತು ಹಾಕುವುದಿಲ್ಲ. ವ್ಯಕ್ತಿಗಳ ಹೆಸರಿನ ಗೊಂದಲ ಇನ್ನೂ ದೊಡ್ಡದು: ಹೆಸರಿನ ಅರ್ಥ ಮನೆಯವರಿಗಷ್ಟೇ ಗೊತ್ತಿರುತ್ತದೆ, ಆ ಮನೆತನ ಉಳಿದಿದ್ದರೆ ಅವರನ್ನು ಕೇಳಬೇಕು, ಉಳಿದಿಲ್ಲದಿದ್ದರೆ ಪತ್ರಿಕೆಯಲ್ಲಿ ಅಚ್ಚಾದಂತೆಯೇ ಬರೆದು ಬಿಡುವುದು ರೂಢಿ.